ಹರಾಜಿನಲ್ಲಿ ಹಳೇ ಬೆಳ್ಳಿ, ಯುದ್ಧ ಪದಕ, ಅಪರೂಪದ ಪುಸ್ತಕ: ಕೂಗುವ ಮೊದಲು ಏನೇನು ನೋಡಬೇಕು?

ಮೊದಲ ಸವಾಲು:
ಎಲ್ಲರಿಗೂ ನಮಸ್ಕಾರ. ಒಂದೇ ಹರಾಜಿನಲ್ಲಿ ಮೂರು ಲಾಟುಗಳ ಮೇಲೆ ಕಣ್ಣಿಟ್ಟಿದ್ದೇನೆ.

ಒಂದು, ಮೂರನೇ ಜಾರ್ಜ್ ಕಾಲದ ಬೆಳ್ಳಿ ಟೀಪಾಟ್, ಮರದ ಹಿಡಿ. ಕ್ಯಾಟಲಾಗಿನಲ್ಲಿ "ಲಂಡನ್, 1795" ಎಂದಿದೆ. ಎರಡು, ಮೊದಲ ಮಹಾಯುದ್ಧದ ಮೂರು ಬ್ರಿಟಿಷ್ ಪದಕಗಳು: 1914-15ರ ಸ್ಟಾರ್, ಬ್ರಿಟಿಷ್ ವಾರ್ ಮೆಡಲ್, ವಿಕ್ಟರಿ ಮೆಡಲ್. ಮೂರೂ ಒಬ್ಬನೇ ಸೈನಿಕನವು ಅಂತ ಹೇಳಿದ್ದಾರೆ. ಮೂರು, 18ನೇ ಶತಮಾನದ ಒಂದು ಪ್ರವಾಸಕಥನ, ಎರಡು ಸಂಪುಟ, ಆಕ್ಟೇವೊ (ಅಚ್ಚಿನ ದೊಡ್ಡ ಹಾಳೆಯನ್ನು ಎಂಟಾಗುವಂತೆ ಮಡಚಿದ ಅಳತೆ), ಚರ್ಮದ ರಟ್ಟು. ವಿವರಣೆಯ ಕೊನೆಗೆ "ಡಬ್ಲ್ಯು.ಎ.ಎಫ್." ಅಂತ ಮೂರಕ್ಷರ ಹಾಕಿದ್ದಾರೆ, ಅದರ ಅರ್ಥ ಗೊತ್ತಿಲ್ಲ.

ಹಿಂದಿನ ದಿನ ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ. ಹೆಚ್ಚೆಂದರೆ ಒಂದೂವರೆ ಗಂಟೆ ಸಿಗಬಹುದು. ಯಾವುದರಲ್ಲಿ ಏನು ನೋಡಬೇಕು, ಜೊತೆಗೆ ಏನು ಒಯ್ಯಬೇಕು?

ಹಳೇ ಬೆಳ್ಳಿ:
ಒಯ್ಯಬೇಕಾದದ್ದು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಪುಟ್ಟ ಟಾರ್ಚು, ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಕ್ಯಾಲಿಪರ್, ನೇರಳಾತೀತ ಬೆಳಕಿನ ಟಾರ್ಚು. ಅಷ್ಟು ಸಾಕು.

ಆ ಕಾಲದ ಲಂಡನ್ ಟೀಪಾಟಿನ ತಳದಲ್ಲಿ ಐದು ಮೊಹರು ಇರಬೇಕು. ನಡೆಯುವ ಸಿಂಹ (ಸಾವಿರಕ್ಕೆ 925 ಪಾಲು ಬೆಳ್ಳಿ ಎಂಬ ಗುರುತು), ಚಿರತೆಯ ತಲೆ (ಲಂಡನ್), ವರ್ಷದ ಅಕ್ಷರ, ತಯಾರಕನ ಮೊದಲಕ್ಷರಗಳು, ಐದನೆಯದು ರಾಜನ ತಲೆ. ಈ ಕೊನೆಯದು ಸುಂಕ ಕಟ್ಟಿದ ಗುರುತು. 1784ರ ಕೊನೆಯಿಂದ 1890ರವರೆಗೆ ಒತ್ತುತ್ತಿದ್ದರು. 1795ರ ಮಾಲು ಅಂತ ಹೇಳಿ ರಾಜನ ತಲೆ ಇಲ್ಲದಿದ್ದರೆ ಅಲ್ಲೇ ಅನುಮಾನಪಡಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಲಂಡನ್ನಿನಲ್ಲಿ ಆಗ ವರ್ಷದ ಅಕ್ಷರ ಇಪ್ಪತ್ತು ವರ್ಷಕ್ಕೊಮ್ಮೆ ಸುತ್ತು ಹೊಡೆಯುತ್ತಿತ್ತು. 1795ಕ್ಕೆ ಬರುವುದು ಸಣ್ಣಕ್ಷರದ "ಯು". ಆದರೆ 1835ಕ್ಕೂ ಸಣ್ಣಕ್ಷರದ "ಯು"ವೇ! ಅಕ್ಷರ ಒಂದನ್ನೇ ನೋಡಿದರೆ ನಲವತ್ತು ವರ್ಷ ತಪ್ಪುತ್ತದೆ. ಪಕ್ಕದ ಮೊಹರು ನೋಡಿ. 1795ರಲ್ಲಿ ಚಿರತೆಯ ತಲೆಯ ಮೇಲೆ ಕಿರೀಟ ಇತ್ತು, ಸಿಂಹ ಮುಖ ತಿರುಗಿಸಿ ನಮ್ಮ ಕಡೆ ನೋಡುತ್ತಿತ್ತು. 1820ರ ದಶಕದ ಆರಂಭದಲ್ಲಿ ಚಿರತೆಯ ಕಿರೀಟ ಹೋಯಿತು, ಸಿಂಹ ತಾನು ನಡೆಯುವ ದಿಕ್ಕಿಗೇ ನೋಡತೊಡಗಿತು.

ಐದೂ ಸರಿ ಇದ್ದರೂ ಅವು ಆ ಟೀಪಾಟಿನವೇ ಎನ್ನಲಾಗದು. ಹಾಳಾದ ಸಣ್ಣ ವಸ್ತುವಿನ ಮೊಹರಿನ ತುಂಡು ಕತ್ತರಿಸಿ ದೊಡ್ಡದರ ತಳಕ್ಕೆ ಬೆಸುಗೆ ಹಾಕುವುದು ಹಳೇ ವಿದ್ಯೆ. ಮೊಹರುಗಳ ಮೇಲೆ ಬಾಯಿಂದ ಬಿಸಿಯುಸಿರು ಬಿಡಿ. ಆವಿ ಆರುವಾಗ ಮೊಹರುಗಳ ಸುತ್ತ ಚೌಕವೋ ದುಂಡಗೋ ಒಂದು ಗೆರೆ ಕಂಡರೆ ಅದು ಬೆಸುಗೆ. ಬೆಸುಗೆಯ ಲೋಹದ ಬೆರಕೆ ಬೇರೆ, ಹಾಗಾಗಿ ಬಣ್ಣ ಒಂದಾಗುವುದಿಲ್ಲ. ಅಚ್ಚೆರೆದ ನಕಲಿನಲ್ಲಾದರೆ ಮೊಹರಿನ ಅಂಚು ಮೊಂಡಾಗಿರುತ್ತದೆ, ಗುಂಡಿಯ ತಳದಲ್ಲಿ ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಅಚ್ಚುಳಿಯಿಂದ (ತುದಿಯಲ್ಲಿ ಗುರುತಿರುವ ಉಕ್ಕಿನ ಕಡ್ಡಿ) ಹೊಡೆದ ನಿಜವಾದ ಮೊಹರಿನ ಅಂಚು ಸವೆದಿದ್ದರೂ ಚೊಕ್ಕವಾಗಿರುತ್ತದೆ.

ಒಂದು ಮಾತು: ಹಿಡಿಯ ಹಿಂದೆ ಮೇಲಿಂದ ಕೆಳಗೆ ನೇರ ಬೆಸುಗೆ ಗೆರೆ ಕಂಡರೆ ಹೆದರಬೇಡಿ. ಆ ಕಾಲದಲ್ಲಿ ಬೆಳ್ಳಿ ತಗಡನ್ನು ಸುತ್ತಿ ಅಲ್ಲೇ ಕೂಡಿಸುತ್ತಿದ್ದರು. ಹೆದರಬೇಕಾದದ್ದು ಕೊಕ್ಕಿನ ಬುಡದಲ್ಲಿ, ಮುಚ್ಚಳದ ಕೀಲಿನ ಬಳಿ ಕಾಣುವ ಬೂದುಬಣ್ಣದ ಸೀಸದ ಬೆಸುಗೆಗೆ. ಅದನ್ನು ತೆಗೆದು ಸರಿಪಡಿಸುವುದು ದೊಡ್ಡ ಕೆಲಸ. ಟಾರ್ಚನ್ನು ಒಳಗಿಟ್ಟು ಹೊರಗಿನಿಂದ ನೋಡಿ, ತೂತಿದ್ದರೆ ಬೆಳಕು ಚುಕ್ಕಿಯಾಗಿ ಕಾಣುತ್ತದೆ. ಮೈಮೇಲೆ ಹೂಬಳ್ಳಿಯ ಚೌಕಟ್ಟು ಕೆತ್ತಿ ನಡುವೆ ಖಾಲಿ ಬಿಟ್ಟಿದ್ದರೆ ಅಲ್ಲಿ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ. ತಗಡು ಒಳಗೆ ಬಾಗಿದರೆ ಯಾರದೋ ಕುಲಲಾಂಛನ ಅಳಿಸಿದ್ದಾರೆ, ಅಲ್ಲಿ ಬೆಳ್ಳಿ ತೆಳುವಾಗಿದೆ.

ತಳದಲ್ಲಿ ಸೂಜಿಯಿಂದ ಗೀಚಿದ ಎರಡು ಅಂಕಿ ಇದ್ದರೆ ನಿಮ್ಮ ಅದೃಷ್ಟ. ಅದು ಅಂದಿನ ತೂಕ: ಮೊದಲನೆಯದು ಟ್ರಾಯ್ ಔನ್ಸ್ (31.1 ಗ್ರಾಂ), ಎರಡನೆಯದು ಪೆನ್ನಿವೆಯ್ಟ್, ಔನ್ಸಿಗೆ ಇಪ್ಪತ್ತು. ಇಂದಿನ ತೂಕಕ್ಕೆ ಹೋಲಿಸಿ. ಕೆಲವು ಪೆನ್ನಿವೆಯ್ಟ್ ಕಡಿಮೆಯಾಗಿದ್ದರೆ ಉಜ್ಜಿ ಉಜ್ಜಿ ಹೋದದ್ದು, ಸಹಜ. ಇಂದಿನ ತೂಕವೇ ಬಹಳ ಹೆಚ್ಚಾಗಿದ್ದರೆ ಆಮೇಲೆ ಏನನ್ನೋ ಸೇರಿಸಿದ್ದಾರೆ.

ಪದಕಪಟ್ಟಿ:
ಪದಕಗಳ ವಿಷಯ ನಾನು ಹೇಳುತ್ತೇನೆ. ಬೆಲೆ ಇರುವುದು ಲೋಹಕ್ಕಲ್ಲ, ಹೆಸರಿಗೆ. ಆದ್ದರಿಂದ ಮೋಸವೂ ಹೆಸರಿನಲ್ಲೇ.

ಸ್ಟಾರಿನ ಹಿಂಬದಿಯಲ್ಲಿ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟು ಒತ್ತಿರುತ್ತಾರೆ. ವಾರ್ ಮೆಡಲ್ ಬೆಳ್ಳಿ, ವಿಕ್ಟರಿ ಕಂಚು, ಎರಡೂ 36 ಮಿ.ಮೀ. ಅಡ್ಡಳತೆ. ಇವೆರಡರಲ್ಲಿ ಹೆಸರು ಅಂಚಿನ ಸುತ್ತ ಇರುತ್ತದೆ. ಅದು ಅಚ್ಚುಳಿಯಿಂದ ಒತ್ತಿದ ಅಕ್ಷರ ಆಗಿರಬೇಕು, ಕೆತ್ತಿದ್ದಲ್ಲ. ಮೂಲ ಹೆಸರನ್ನು ಅರದಿಂದ ತಿಕ್ಕಿ ಹೊಸದು ಹಾಕಿದ್ದರೆ ಅಂಚು ಆ ಜಾಗದಲ್ಲಿ ತಗ್ಗುತ್ತದೆ. ಕ್ಯಾಲಿಪರ್ ಇಟ್ಟು ನಾಲ್ಕೈದು ಕಡೆ ಅಡ್ಡಳತೆ ತೆಗೆಯಿರಿ. ಹೆಸರಿರುವ ಕಡೆ ಮಾತ್ರ ಅಳತೆ ಕಡಿಮೆ ಬಂದರೆ ಕೈ ಬಿಡಿ. ಸುತ್ತಲೂ ಒಂದೇ ಸಮ ಕಡಿಮೆ ಬಂದು ರಾಜನ ಮುಖದ ಗೆರೆಗಳೂ ಮೊಂಡಾಗಿದ್ದರೆ ಅಚ್ಚೆರೆದ ನಕಲು. ಕರಗಿಸಿದ ಲೋಹ ಆರುವಾಗ ಕುಗ್ಗುತ್ತದೆ.

ಮೂರೂ ಒಬ್ಬನವೇ ಎಂದು ತಿಳಿಯಲು ಹೆಸರು, ಸಂಖ್ಯೆ ಹೊಂದಿಸಿ. ದರ್ಜೆ ಬೇರೆ ಇದ್ದರೆ ಗಾಬರಿ ಬೇಡ. ಸ್ಟಾರಿನಲ್ಲಿರುವುದು ರಣರಂಗಕ್ಕೆ ಕಾಲಿಟ್ಟಾಗಿನ ದರ್ಜೆ, ಉಳಿದೆರಡರಲ್ಲಿ ಆಮೇಲೆ ಏರಿದ ದರ್ಜೆ ಇರಬಹುದು. ಸಂಖ್ಯೆ ಬೇರೆ ಇದ್ದರೆ ವಿಚಾರಿಸಬೇಕು. ಅದಕ್ಕೂ ಸರಿಯಾದ ಕಾರಣ ಇರಬಹುದು: ಟೆರಿಟೋರಿಯಲ್ ಫೋರ್ಸಿನ (ಬ್ರಿಟನ್ನಿನ ಅರೆಕಾಲಿಕ ಸ್ವಯಂಸೇವಕ ಸೇನೆ) ಕಾಲಾಳುಗಳಿಗೆ 1917ರ ಆರಂಭದಲ್ಲಿ ಹೊಸದಾಗಿ ಆರಂಕಿಯ ಸಂಖ್ಯೆ ಕೊಟ್ಟರು. ಸೇನಾಧಿಕಾರಿಯ ಪದಕವಾದರೆ ವಾರ್ ಮತ್ತು ವಿಕ್ಟರಿ ಮೆಡಲಿನ ಮೇಲೆ ಸಾಮಾನ್ಯವಾಗಿ ದರ್ಜೆ, ಹೆಸರು ಮಾತ್ರ. ಸಂಖ್ಯೆಯೂ ಇಲ್ಲ, ರೆಜಿಮೆಂಟೂ ಇಲ್ಲ. ಅದು ಕೊರತೆಯಲ್ಲ.

ದಾಖಲೆ ನೋಡಲು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಬ್ರಿಟಿಷ್ ನ್ಯಾಷನಲ್ ಆರ್ಕೈವ್ಸ್‌ನ ಪದಕ ಸೂಚಿಚೀಟಿಗಳು ಡಬ್ಲ್ಯು.ಒ. 372 ಸರಣಿಯಲ್ಲಿವೆ, ಪದಕ ಪಟ್ಟಿಗಳು ಡಬ್ಲ್ಯು.ಒ. 329ರಲ್ಲಿ. ಸೈನಿಕನ ಸೇವಾ ಕಡತ ಸಿಗಲಿಲ್ಲ ಎಂದರೆ ಪದಕ ಖೋಟಾ ಎಂದಲ್ಲ. 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಲಂಡನ್ನಿನ ಉಗ್ರಾಣ ಹೊತ್ತಿ, ಆ ಯುದ್ಧದ ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು.

ರಿಬ್ಬನ್ನಿಗೆ ನೇರಳಾತೀತ ಬೆಳಕು ಹಿಡಿದಾಗ ದಾರ ನೀಲಿಬಿಳುಪಾಗಿ ಹೊಳೆದರೆ ಅದು ಎರಡನೇ ಮಹಾಯುದ್ಧದ ನಂತರದ ನೂಲು. ರಿಬ್ಬನ್ ಹರಿದು ಹೊಸದು ಹಾಕಿಸಿರಬಹುದು, ಅಷ್ಟಕ್ಕೇ ಪದಕವನ್ನು ತಳ್ಳಿಹಾಕಬೇಡಿ. ಸವೆತ ಮಾತ್ರ ಸುಳ್ಳು ಹೇಳುವುದು ಕಷ್ಟ. ಜೋತಾಡುವ ಹಾಗೆ ಒಂದೇ ಪಟ್ಟಿಗೆ ಹಾಕಿದ ಪದಕಗಳು ವರ್ಷಗಟ್ಟಲೆ ಒಂದಕ್ಕೊಂದು ತಾಗಿ ನೆಗ್ಗು ಬಿದ್ದಿರುತ್ತವೆ, ವಾರ್ ಮೆಡಲ್ ಮೆದು ಬೆಳ್ಳಿಯಾದ್ದರಿಂದ ಅದರ ಮೇಲೆ ಚೆನ್ನಾಗಿ ಕಾಣುತ್ತದೆ. ಎರಡು ಪದಕ ಸವೆದು ನಡುವಿನದು ಟಂಕಸಾಲೆಯಿಂದ ಈಗ ತಾನೇ ಬಂದ ಹಾಗಿದ್ದರೆ, ಗುಂಪು ಆಮೇಲೆ ಕೂಡಿಸಿದ್ದು.

ಹೊತ್ತಗೆಗಾರ:
ಆ ಮೂರಕ್ಷರದ ಅರ್ಥ "ಇರುವ ಎಲ್ಲ ದೋಷಗಳ ಸಮೇತ". ಹಾಳೆ ಕಡಿಮೆ ಇದೆ ಅಂತ ಆಮೇಲೆ ವಾಪಸು ಕೊಡಲು ಆಗುವುದಿಲ್ಲ. ಹಾಗಾಗಿ ನೋಡಲು ಸಿಗುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪುಸ್ತಕಕ್ಕೇ ಇಡಿ.

ಪುಟಸಂಖ್ಯೆ ನಂಬಬೇಡಿ, ಆ ಕಾಲದ ಅಚ್ಚಿನಲ್ಲಿ ಅದು ತಪ್ಪುವುದು ಮಾಮೂಲು. ಪುಟದ ಕೆಳಗೆ ಅಚ್ಚಾದ ಮಡಿಕೆಯ (ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಂತೆಯ) ಅಕ್ಷರಗಳನ್ನು ಎಣಿಸಿ. ಆಕ್ಟೇವೊದಲ್ಲಿ ಸಾಮಾನ್ಯವಾಗಿ ಒಂದು ಮಡಿಕೆಗೆ ಎಂಟು ಹಾಳೆ, ಹದಿನಾರು ಪುಟ. "ಐ" ಆದಮೇಲೆ ನೇರ "ಕೆ" ಬಂದರೆ ಮಡಿಕೆ ಹೋಗಿಲ್ಲ: ಮುದ್ರಕರು ಲ್ಯಾಟಿನ್ನಿನ 23 ಅಕ್ಷರಗಳನ್ನೇ ಬಳಸುತ್ತಿದ್ದರು, ಐ-ಜೆ ಒಂದೇ, ಯು-ವಿ ಒಂದೇ, ಡಬ್ಲ್ಯು ಇಲ್ಲ. "ಝಡ್" ಮುಗಿದ ಮೇಲೆ ಜೋಡಿ ಅಕ್ಷರ ಶುರು.

ಮೊದಲು ಕಾಣೆಯಾಗುವವು ಇವು: ಶೀರ್ಷಿಕೆ ಪುಟಕ್ಕೂ ಮುಂಚಿನ, ಬರೀ ಹೆಸರಿರುವ ಹಾಳೆ, ಕೊನೆಯ ಜಾಹೀರಾತಿನ ಹಾಳೆಗಳು, ಮಡಚಿದ ಭೂಪಟ. ಪ್ರವಾಸಕಥನದಲ್ಲಿ ಭೂಪಟ ಹೋದರೆ ಅರ್ಧ ಬೆಲೆಯೇ ಹೋದ ಹಾಗೆ. "ಚಿತ್ರಗಳನ್ನು ಇಂಥ ಪುಟಕ್ಕೆ ಅಂಟಿಸುವುದು" ಎಂದು ರಟ್ಟುಗಾರನಿಗೆ ಕೊಟ್ಟ ಸೂಚನೆಯ ಪಟ್ಟಿ ಇದ್ದರೆ ಅದನ್ನೇ ಹಿಡಿದು ಒಂದೊಂದಾಗಿ ಟಿಕ್ ಹಾಕಿ.

ಹಾಳೆಯನ್ನು ಬೆಳಕಿಗೆ ಹಿಡಿದರೆ ಸುಮಾರು ಒಂದು ಅಂಗುಲಕ್ಕೊಂದರಂತೆ ಗೆರೆಗಳು ಕಾಣುತ್ತವೆ, ಕಾಗದ ಮಾಡಿದ ಜರಡಿಯ ತಂತಿಯ ಗುರುತು. ಆಕ್ಟೇವೊದಲ್ಲಿ ಅವು ಮೇಲಿಂದ ಕೆಳಗೆ ಇರಬೇಕು, ಕ್ವಾರ್ಟೊದಲ್ಲಿ (ನಾಲ್ಕಾಗುವಂತೆ ಮಡಚಿದ ಅಳತೆ) ಅಡ್ಡ. ಗೆರೆಯೇ ಇಲ್ಲದ ಹಾಳೆ ನಡುವೆ ಬಂದರೆ, ಅಥವಾ ನೇರಳಾತೀತ ಬೆಳಕಿನಲ್ಲಿ ಒಂದೇ ಹಾಳೆ ಫಳಫಳ ಹೊಳೆದರೆ, ಹೊಸ ಕಾಗದದಲ್ಲಿ ಪ್ರತಿ ಮಾಡಿ ಸೇರಿಸಿದ್ದಾರೆ. ಕಾಗದವೇ ಸಾಕ್ಷಿ ಹೇಳಿದ ದೊಡ್ಡ ಪ್ರಕರಣ ಇಂಗ್ಲಿಷ್ ಪುಸ್ತಕ ಸಂಗ್ರಾಹಕ ಥಾಮಸ್ ಜೆ. ವೈಸ್‌ನದು. 1847ರದು ಎಂದು ನಂಬಿಸಿದ್ದ ಕಿರುಹೊತ್ತಗೆಯ ಕಾಗದದಲ್ಲಿ ರಾಸಾಯನಿಕ ಮರದ ತಿರುಳು ಸಿಕ್ಕಿತು. ಅದು ಇಂಗ್ಲಿಷ್ ಕಾಗದಕ್ಕೆ ಬಂದದ್ದೇ 1870ರ ದಶಕದಲ್ಲಿ. 1934ರಲ್ಲಿ ಬಯಲಾಯಿತು.

ಕೂಗುಬೆಲೆ:
ಲೆಕ್ಕ ಹಿಂದಿನಿಂದ ಹಾಕಿ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್, ಅದರ ಮೇಲೆ ತೆರಿಗೆ, ಆನ್‌ಲೈನಿನಲ್ಲಿ ಕೂಗಿದರೆ ಇನ್ನೊಂದು ಶುಲ್ಕ. ಉದಾಹರಣೆಗೆ ಕಮಿಷನ್ ಶೇ. 25, ಆನ್‌ಲೈನ್ ಶುಲ್ಕ ಶೇ. 5, ಈ ಎರಡರ ಮೇಲೂ ತೆರಿಗೆ ಶೇ. 20 ಎಂದಾದರೆ ನೂರಕ್ಕೆ ಕೂಗಿದ್ದು ನೂರ ಮೂವತ್ತಾರು ಆಗುತ್ತದೆ. ನಿಮ್ಮ ಕೈಯಲ್ಲಿ ಒಟ್ಟು ಸಾವಿರ ಇದ್ದರೆ 735ಕ್ಕೆ ನಿಲ್ಲಬೇಕು. ಪ್ಯಾಕಿಂಗು, ಸಾಗಣೆ, ತಡವಾದರೆ ಉಗ್ರಾಣದ ಬಾಡಿಗೆ ಇದರಲ್ಲಿ ಬಂದಿಲ್ಲ.

ಮುಂಗಡವಾಗಿ ಬರೆದುಕೊಟ್ಟು ಹೋಗುವುದಾದರೆ ಬೇಗ ಕೊಡಿ. ಒಂದೇ ಮೊತ್ತಕ್ಕೆ ಇಬ್ಬರು ಬರೆದಿದ್ದರೆ ಸಾಮಾನ್ಯವಾಗಿ ಮೊದಲು ಕೊಟ್ಟವರಿಗೆ ಹೋಗುತ್ತದೆ.

ತಿಳಿನೀರು:
ಬೆಳ್ಳಿ ಕಪ್ಪಾಗಿದ್ದರೆ ಕೊಂಡ ಮೇಲೆ ಅಲ್ಯೂಮಿನಿಯಂ ಹಾಳೆ, ಸೋಡಾ, ಬಿಸಿನೀರು ಹಾಕಿ ಮುಳುಗಿಸಿದರೆ ಐದು ನಿಮಿಷದಲ್ಲಿ ಹೊಳೆಯುತ್ತದೆ.

ಹಳೇ ಬೆಳ್ಳಿ:
ದಯವಿಟ್ಟು ಈ ಟೀಪಾಟಿಗೆ ಹಾಗೆ ಮಾಡಬೇಡಿ. ಕೆತ್ತನೆಯ ಗೆರೆಗಳೊಳಗಿನ ಕಪ್ಪೂ ಹೋಗಿ ಚಿತ್ತಾರ ಸಪ್ಪೆಯಾಗುತ್ತದೆ, ಮರದ ಹಿಡಿ ಬಿಸಿನೀರಿಗೆ ಉಬ್ಬಿ ಬಿರಿಯುತ್ತದೆ. ಒಳಗೆ ಅರಗು ತುಂಬಿದ ಮೇಣದಬತ್ತಿ ಕಂಬ, ಚಾಕುವಿನ ಹಿಡಿಗಳಿಗಂತೂ ಆಗಲೇಬಾರದು. ನೀರು ಒಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ. ಮೆದು ಹತ್ತಿಬಟ್ಟೆ, ಸ್ವಲ್ಪ ಬೆಳ್ಳಿ ಪಾಲಿಶು, ಮೊಹರುಗಳ ಜಾಗ ಬಿಟ್ಟು ಉಜ್ಜಿ. ಎತ್ತಿಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ಉಣ್ಣೆಬಟ್ಟೆಯಲ್ಲಿ ಸುತ್ತಬೇಡಿ. ಅದರಲ್ಲಿರುವ ಗಂಧಕವೇ ಬೆಳ್ಳಿಯನ್ನು ಕಪ್ಪು ಮಾಡುವುದು.

ಮೊದಲ ಸವಾಲು:
ಎಲ್ಲರಿಗೂ ಧನ್ಯವಾದ. ನೋಡಿ ಬಂದೆ. ಟೀಪಾಟ್: ಅಕ್ಷರ ಸಣ್ಣ "ಯು", ಚಿರತೆಗೆ ಕಿರೀಟ ಇದೆ, ಸಿಂಹ ನಮ್ಮ ಕಡೆ ನೋಡುತ್ತಿದೆ. ಮುಚ್ಚಳದಲ್ಲಿ ಸಿಂಹ, ತಯಾರಕನ ಮೊಹರು ಮಾತ್ರ. ತಳದಲ್ಲಿ "15" ಮತ್ತು "8" ಗೀಚಿದ್ದಾರೆ, ತಕ್ಕಡಿ 505 ಗ್ರಾಂ ತೋರಿಸಿತು. ಪದಕ: ಸ್ಟಾರಿನಲ್ಲಿ ನಾಲ್ಕಂಕಿ, ಪ್ರೈವೇಟ್ (ಸಾಮಾನ್ಯ ಸಿಪಾಯಿ), ಉಳಿದೆರಡರಲ್ಲಿ ಆರಂಕಿ, ಸಾರ್ಜೆಂಟ್. ಹೆಸರು ಒಂದೇ, ಟೆರಿಟೋರಿಯಲ್ ಬೆಟಾಲಿಯನ್. ಅಡ್ಡಳತೆ ಎಲ್ಲ ಕಡೆ 36. ಪುಸ್ತಕ: ಭೂಪಟ, ಚಿತ್ರಗಳು ಪೂರ್ತಿ. ಎರಡನೇ ಸಂಪುಟದಲ್ಲಿ ಬರಹದ ಒಂದು ಹಾಳೆಯ ಗೆರೆ ಮಾತ್ರ ಅಡ್ಡ ಇದೆ.

ಹಳೇ ಬೆಳ್ಳಿ:
ಟೀಪಾಟ್ ಸರಿ ಇದೆ. ಮುಚ್ಚಳ ಬಿಡಿಭಾಗವಾದ್ದರಿಂದ ಎಲ್ಲ ಮೊಹರು ಬೇಕಿಲ್ಲ. ತಯಾರಕನ ಅಕ್ಷರ ತಳದ್ದಕ್ಕೆ ಹೊಂದಿದರೆ ಸಾಕು. 15 ಔನ್ಸ್ 8 ಪೆನ್ನಿವೆಯ್ಟ್ ಎಂದರೆ 479 ಗ್ರಾಂ. ಮೇಲಿನ 26 ಗ್ರಾಂ ಮರದ ಹಿಡಿಯ ಲೆಕ್ಕಕ್ಕೆ ಹೋಗುತ್ತದೆ.

ಪದಕಪಟ್ಟಿ:
1917ರ ಮರುಸಂಖ್ಯೆಗೆ ತಕ್ಕಂತಿದೆ. ಸೂಚಿಚೀಟಿಯಲ್ಲಿ ಎರಡೂ ಸಂಖ್ಯೆ ಒಂದರ ಕೆಳಗೊಂದು ಬರೆದಿರಬೇಕು. ಅದನ್ನು ಇವತ್ತು ರಾತ್ರಿಯೇ ತೆಗೆಸಿ ನೋಡಿ, ನಾಳೆ ಕೂಗಿ.

ಹೊತ್ತಗೆಗಾರ:
ಆ ಹಾಳೆಗೆ ಎರಡು ಸಾಧ್ಯತೆ ಇದೆ. ಅಚ್ಚಾದ ಮೇಲೆ ತಪ್ಪು ಕಂಡು ಮುದ್ರಕನೇ ಹಳೇ ಹಾಳೆ ಕತ್ತರಿಸಿ, ತಿದ್ದಿದ ಹಾಳೆಯನ್ನು ಬೇರೆಯಾಗಿ ಅಚ್ಚು ಹಾಕಿ ಅಂಟಿಸಿರಬಹುದು. ಆಗ ಒಳಮಗ್ಗುಲಿನಲ್ಲಿ ಹಳೇ ಹಾಳೆಯ ಕಿರಿದಾದ ಬುಡ ಉಳಿದಿರುತ್ತದೆ, ಹೊಸದು ಅದಕ್ಕೆ ಅಂಟಿಕೊಂಡಿರುತ್ತದೆ, ಕಾಗದವೂ ಅದೇ ಕಾಲದ್ದು. ಅದು ದೋಷವಲ್ಲ, ಆ ಮುದ್ರಣದ ಎಲ್ಲ ಪ್ರತಿಗಳಲ್ಲೂ ಹಾಗೇ ಇರಬಹುದು. ಇಲ್ಲವಾದರೆ ಹರಿದುಹೋದ ಹಾಳೆಯ ಬದಲಿಗೆ ಆಮೇಲೆ ಯಾರೋ ಸೇರಿಸಿದ್ದು. ನಾಳೆ ಹರಾಜು ಶುರುವಾಗುವ ಮೊದಲು ಹತ್ತು ನಿಮಿಷ ಕೇಳಿಕೊಂಡು ಆ ಹಾಳೆಯ ಬುಡ ನೋಡಿ, ನೇರಳಾತೀತ ಬೆಳಕು ಹಾಯಿಸಿ, ಯಾವುದಾದರೂ ದೊಡ್ಡ ಗ್ರಂಥಾಲಯದ ಸೂಚಿಯಲ್ಲಿ ಅದೇ ಮುದ್ರಣದ ವಿವರಕ್ಕೆ ತಾಳೆ ಹಾಕಿ. ತಿದ್ದುಪಡಿ ಹಾಳೆ ಎಂದು ಅಲ್ಲಿ ದಾಖಲಾಗಿದ್ದರೆ ನಿಮ್ಮ ಪೂರ್ತಿ ಮಿತಿಯವರೆಗೆ ಕೂಗಬಹುದು. ಇಲ್ಲದಿದ್ದರೆ ಒಂದು ಹಾಳೆ ಖೋತಾ ಎಂದೇ ಎಣಿಸಿ ಮಿತಿ ಇಳಿಸಿ.