ವಾಲೆಯಲ್ಲೊಂದು ಶಾಲೆ ಕೊಳ್ಳಬೇಕೆಂದಿದ್ದೇವೆ, ಅನುಭವ ಇದ್ದವರು ಹೇಳಿ

ಹಂಚಿನಮನೆ, ಬಾಡೆನ್

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ಮಕ್ಕಳು ಓದುವ ಶಾಲೆ ಅಲ್ಲ. ಬೆಟ್ಟದ ಮರದ ಮನೆಗೆ ಫ್ರೆಂಚರು ಹೇಳುವ ಶಾಲೆ. ಫೋನಿನಲ್ಲಿ ಅಮ್ಮನಿಗೆ "ವಾಲೆಯಲ್ಲಿ ಒಂದು ಶಾಲೆ ನೋಡಿದ್ದೇವೆ" ಎಂದೆ. "ವಾಲೆ ಸೊಸೆಗೆ ಮಾಡಿಸು, ಶಾಲೆ ಯಾಕೋ ನಿನಗೆ?" ಎಂದರು.

ವಾಲೆ ಎಂದರೆ ಇಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕ್ಯಾಂಟನ್, ನಮ್ಮಲ್ಲಿ ರಾಜ್ಯ ಇದ್ದ ಹಾಗೆ. ಆನಿವಿಯೆ ಕಣಿವೆ, ಗ್ರಿಮೆಂಟ್ಸ್ ಊರು, ಸುಮಾರು 1570 ಮೀಟರ್ ಎತ್ತರ. ನಾವಿರುವ ಬಾಡೆನ್‌ನಿಂದ ಲ್ಯೋಚ್‌ಬರ್ಗ್ ಸುರಂಗ ದಾಟಿ ಫಿಸ್ಪ್, ಅಲ್ಲಿಂದ ಸಿಯೆರ್, ಆಮೇಲೆ ಹಳದಿ ಪೋಸ್ಟ್ ಬಸ್ಸು. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ತಲುಪುತ್ತೇವೆ. ಕಳೆದ ಐದು ಚಳಿಗಾಲ ಅಲ್ಲೇ ಬಾಡಿಗೆಗೆ ಹೋಗಿದ್ದೇವೆ. ಮಕ್ಕಳಿಬ್ಬರೂ ಸ್ಕೀ ಕಟ್ಟಿಕೊಂಡು ಕಪ್ಪು ಗುರುತಿನ ಅತಿ ಕಷ್ಟದ ಇಳಿಜಾರಿನಲ್ಲಿ ಸುಂಯ್ ಎಂದು ಇಳಿಯುತ್ತಾರೆ. ನಾನಿನ್ನೂ ಕಾಲು ಪಿಜ್ಜಾ ತುಂಡಿನ ಹಾಗೆ ಇಟ್ಟುಕೊಂಡು ಸುಲಭದ ನೀಲಿಯಲ್ಲೇ ಇದ್ದೇನೆ.

ಮನೆ 1974ರದ್ದು. ಕೆಳಗೆ ಕಾಂಕ್ರೀಟು, ಮೇಲೆ ಲಾರ್ಚ್ ಮರ. ಬಿಸಿಲು ಬೀಳುವ ಕಡೆ ಮರ ಸುಟ್ಟ ಹಾಗೆ ಕಪ್ಪಾಗಿದೆ. 78 ಚದರ ಮೀಟರ್. ಕೋಣೆಗೊಂದು ಹಳೇ ಕರೆಂಟ್ ಹೀಟರ್. ಕೇಳುತ್ತಿರುವುದು 4,90,000 ಫ್ರಾಂಕ್. ಇದೇ ಊರಿನಲ್ಲಿ ಇನ್ನೊಂದು ಹೊಸ ಫ್ಲ್ಯಾಟ್ ಅದಕ್ಕಿಂತ ಕಡಿಮೆಗೆ ಇದೆ. ಯಾಕೆ ಅಷ್ಟು ಅಗ್ಗ ಗೊತ್ತಾಗಲಿಲ್ಲ. ಮೇಲೆ ಕಾಡಿನ ಹತ್ತಿರ ಮಾಯೆನ್ ಎನ್ನುವ ಗುಡಿಸಲೂ ಒಂದಿದೆ, ಅದಂತೂ ಕಾರಿನ ಬೆಲೆ.

ನಾವು ಸ್ವಿಟ್ಜರ್ಲೆಂಡಿಗೆ ಬಂದು ಹನ್ನೊಂದು ವರ್ಷ. ಕಳೆದ ವರ್ಷ ಸಿ ಪರ್ಮಿಟ್ (ಕಾಯಂ ವಾಸದ ಪರವಾನಗಿ) ಸಿಕ್ಕಿದೆ. ನನ್ನ ಹೆಸರಿನಲ್ಲಿ ಶಿವಮೊಗ್ಗದಲ್ಲಿ ಒಂದು ಸೈಟ್ ಇದೆ, ಅದನ್ನು ಮಾರಿ ಸ್ವಲ್ಪ ದುಡ್ಡು ತರುವ ಯೋಚನೆ.

ತಕರಾರು ಹೆಂಡತಿಯದು. "ಸಾಗರದ ಮನೆಗೆ ಬೀಗ ಹಾಕಿ ಮೂರು ವರ್ಷ ಆಯಿತು. ಹಂಚು ಕೈಯಾಡಿಸಲು ಜನ ಸಿಗುವುದಿಲ್ಲ ಎಂದು ಪ್ರತಿ ಮೇ ತಿಂಗಳು ಗೋಳಾಡುತ್ತೀಯ. ಅಲ್ಲಿ ಮಳೆ, ಇಲ್ಲಿ ಹಿಮ. ಇನ್ನೊಂದು ಬೀಗ ಯಾಕೆ?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದ್ದರೆ ಕೊಡಿ.

ಲೊಸಾನ್‌ರೊಟ್ಟಿ

ನಮ್ಮದು ಅದೇ ಕ್ಯಾಂಟನ್ನಿನಲ್ಲಿ ಒಂದು ಫ್ಲ್ಯಾಟ್, ಒಂಬತ್ತು ವರ್ಷದಿಂದ ಇದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸಿ ಪರ್ಮಿಟ್ ಇದೆ ಅಂದಿರಲ್ಲ, ಅರ್ಧ ತಲೆನೋವು ಹೋಯಿತು. ವಿದೇಶಿಯರು ಮನೆ ಕೊಳ್ಳುವುದಕ್ಕೆ ಮಿತಿ ಹಾಕುವ ಲೆಕ್ಸ್ ಕೊಲ್ಲರ್ ಕಾನೂನು ನಿಮಗೆ ತಟ್ಟುವುದಿಲ್ಲ. ತಾತ್ಕಾಲಿಕ ವಾಸದ ಬಿ ಪರ್ಮಿಟ್‌ನಲ್ಲಿದ್ದಿದ್ದರೆ ನಮ್ಮಂಥ ಭಾರತೀಯರು ವಾಸದ ಮನೆ ಮಾತ್ರ ಸಲೀಸಾಗಿ ಕೊಳ್ಳಬಹುದಿತ್ತು. ರಜೆಯ ಮನೆಗೆ ಕ್ಯಾಂಟನ್ನಿನ ಅನುಮತಿ ಬೇಕು, ಇಡೀ ದೇಶಕ್ಕೆ ವರ್ಷಕ್ಕೆ 1500 ಮಾತ್ರ.

ಆ ಅಗ್ಗದ ಫ್ಲ್ಯಾಟ್ ಬಗ್ಗೆ ಹುಷಾರು. 2012ರ ಮಾರ್ಚ್ 11ಕ್ಕೆ ಜನ ಓಟು ಹಾಕಿ, ಎರಡನೇ ಮನೆಗಳು ಶೇ. 20 ದಾಟಿದ ಊರಿನಲ್ಲಿ ಇನ್ನು ಹೊಸದಾಗಿ ಕಟ್ಟುವ ಹಾಗಿಲ್ಲ ಎಂದರು. ಆಮೇಲೆ ಕಟ್ಟಿದ್ದು ಹೆಚ್ಚಾಗಿ ಅಲ್ಲೇ ವರ್ಷಪೂರ್ತಿ ವಾಸ ಮಾಡುವವರಿಗೆ. ಭೂ ದಾಖಲೆಯಲ್ಲಿ ಹಾಗಂತ ಬರೆದಿರುತ್ತದೆ. ನೀವು ಕೊಳ್ಳಬಹುದು, ರಜೆಯ ಮನೆ ಅಂತ ಬಳಸುವ ಹಾಗಿಲ್ಲ! ಜಾಹೀರಾತಿನಲ್ಲಿ ಇದು ಎಲ್ಲೋ ಮೂಲೆಯಲ್ಲಿರುತ್ತದೆ. ನಿಮ್ಮ 1974ರ ಮನೆ ಆ ಓಟಿಗೆ ಮುಂಚಿನಿಂದಲೂ ಕಾನೂನಿನ ಪ್ರಕಾರ ಮನೆಯೇ ಆಗಿದ್ದರೆ ಈ ಕಟ್ಟು ಇಲ್ಲ. ಮಾಯೆನ್ ಮರೆತುಬಿಡಿ. ಅದು ದನ ಮೇಯಿಸುವವರ ಬೇಸಿಗೆ ಗುಡಿಸಲು, ಸಾಮಾನ್ಯವಾಗಿ ಕಟ್ಟಡ ವಲಯದ ಹೊರಗೆ ಇರುತ್ತದೆ. ಒಂದು ಕಿಟಕಿ ಇಡಲೂ ಅನುಮತಿಗೆ ಒದ್ದಾಡಬೇಕು.

ದುಡ್ಡು. ನಮ್ಮ ಬ್ಯಾಂಕ್ ಎರಡನೇ ಮನೆಗೆ ಶೇ. 40 ಸ್ವಂತ ಹಣ ಕೇಳಿತು. ಪೆನ್ಷನ್ ನಿಧಿಯಿಂದ ತೆಗೆಯುತ್ತೇನೆ ಎಂದೆ. ಆಗುವುದಿಲ್ಲ, ಅದು ವಾಸದ ಮನೆಗೆ ಮಾತ್ರ.

ಈಗ ನನ್ನ ದಡ್ಡತನ. ಮೊದಲ ಚಳಿಗಾಲ ಕರೆಂಟ್ ಉಳಿಸಲು ಹೊರಡುವಾಗ ಹೀಟರ್ ಪೂರ್ತಿ ಆರಿಸಿ ಬಂದೆ. ನೀರಿನ ಮುಖ್ಯ ವಾಲ್ವ್ ಮುಚ್ಚಲಿಲ್ಲ. ಫೆಬ್ರವರಿಯಲ್ಲಿ ಕೆಳಗಿನ ಮನೆಯಾಕೆ ಫೋನ್ ಮಾಡಿ "ನಿಮ್ಮ ನೀರು ನನ್ನ ದೀಪದಿಂದ ಇಳಿಯುತ್ತಿದೆ" ಎಂದರು. ಹೋಗಿ ನೋಡಿದರೆ ಬಚ್ಚಲ ಬೇಸಿನ್ ಹಿಂದಿನ ಪೈಪು ಬಾಳೆಹಣ್ಣು ಸಿಪ್ಪೆ ಸುಲಿದ ಹಾಗೆ ಸೀಳಿತ್ತು. ಅಡುಗೆಮನೆಯ ನೆಲದ ಮೇಲೆ ಬೆರಳು ದಪ್ಪ ಮಂಜುಗಡ್ಡೆ. ಅದರೊಳಗೆ ಮಗಳ ಒಂದು ಕಾಲುಚೀಲ. ಈಗ ಯಾರೂ ಇಲ್ಲದಾಗಲೂ 10 ಡಿಗ್ರಿಗೆ ಇಟ್ಟು, ನೀರು ಮುಚ್ಚಿ ಬರುತ್ತೇವೆ. ಅಂದರೆ ನಾವಿಲ್ಲದ ಮನೆಗೂ ಕರೆಂಟ್ ಬಿಲ್ಲು. ಹಳೇ ಹೀಟರ್ ಎಂದಿರಿ, ಹಿಂದಿನ ಮೂರು ವರ್ಷದ ಬಿಲ್ ಕೇಳಿ ನೋಡದೆ ಸಹಿ ಹಾಕಬೇಡಿ.

ಇನ್ನೊಂದು. ಬಾಡೆನ್ ಇರುವ ನಿಮ್ಮ ಆರ್ಗೌ ಕ್ಯಾಂಟನ್ನಿನಲ್ಲಿ ಕಟ್ಟಡ ವಿಮೆ ಕಡ್ಡಾಯ, ವಾಲೆಯಲ್ಲಿ ಅಲ್ಲ. ನೀವೇ ನೆನಪಿಟ್ಟು ಮಾಡಿಸಬೇಕು. ಭೂಕಂಪ ಅದರಲ್ಲಿ ಸೇರುವುದಿಲ್ಲ. 1946ರಲ್ಲಿ ಅದೇ ಸಿಯೆರ್ ಅಲುಗಾಡಿದ್ದು ಅಲ್ಲಿನ ಅಜ್ಜಂದಿರಿಗೆ ಈಗಲೂ ನೆನಪಿದೆ. ಕ್ಯಾಂಟನ್ನಿನ ಅಪಾಯದ ನಕ್ಷೆಯೂ ನೋಡಿ, ಅಪಾಯ ಎಷ್ಟು ಎನ್ನುವುದಕ್ಕೆ ತಕ್ಕ ಹಾಗೆ ಕೆಂಪು, ನೀಲಿ, ಹಳದಿ ಎಂದು ಬಣ್ಣ ಹಾಕಿರುತ್ತಾರೆ. 2025ರ ಮೇ 28ಕ್ಕೆ ಇದೇ ಕ್ಯಾಂಟನ್ನಿನ ಬ್ಲಾಟೆನ್ ಊರಿನ ಮೇಲೆ ಹಿಮನದಿಯೂ ಬಂಡೆಯೂ ಜಾರಿ ಊರು ಬಹುತೇಕ ಮುಚ್ಚಿಹೋಯಿತು. ಜನರನ್ನು ಕೆಲವು ದಿನ ಮುಂಚೆಯೇ ಸಾಗಿಸಿದ್ದರು. ಹೆದರಿಸಲು ಹೇಳುತ್ತಿಲ್ಲ. ನಾನೂ ಮಾರಿಲ್ಲ.

ಲೆಕ್ಕದಪುಸ್ತಕ, ಬೆಂಗಳೂರು

ಸೈಟ್ ಮಾರುವ ವಿಷಯಕ್ಕೆ ಮಾತ್ರ. ನೀವು ಅನಿವಾಸಿ, ಹಾಗಾಗಿ ಕೊಳ್ಳುವವರು ಟಿಡಿಎಸ್, ಅಂದರೆ ತೆರಿಗೆಯ ಪಾಲು, ಮೊದಲೇ ಹಿಡಿದು ಉಳಿದದ್ದನ್ನು ಕೊಡಬೇಕು. ಎರಡು ವರ್ಷಕ್ಕಿಂತ ಹಳೆಯ ಸೈಟ್ ಆದರೆ ಲಾಭದ ಮೇಲೆ ಶೇ. 12.5, ಸರ್ಚಾರ್ಜ್ ಮತ್ತು ಸೆಸ್ ಬೇರೆ. ಇಂಡೆಕ್ಸೇಶನ್, ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿ ತೋರಿಸುವ ಸೌಲಭ್ಯ, ಇಲ್ಲ. ಲಾಭ ಕಡಿಮೆ ಇದ್ದರೆ ಕಡಿಮೆ ಟಿಡಿಎಸ್‌ಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಮಾಡಿಸಿಕೊಳ್ಳಿ. ನೋಂದಣಿ ದಿನ ಓಡಾಡಿದರೆ ಆಗುವುದಿಲ್ಲ. ದುಡ್ಡು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಗೆ ಬಂದು, ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು.

ಭಾರತದಲ್ಲೇ ಇದ್ದು ಹೊರಗೆ ಮನೆ ಕೊಳ್ಳುವವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಲೆಕ್ಕ ಬೇರೆ. ತಲೆಗೆ ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ. 20 ಟಿಸಿಎಸ್ (ಬ್ಯಾಂಕ್ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಈಗಲೇ ಕಟ್ಟಿ, ಆಮೇಲೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬೇಕು. ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಆ ಮನೆ ತೋರಿಸಲು ಮರೆತರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಗ್ರೆನೋಬಲ್‌ಗಿರಾಕಿ

ಬೆಟ್ಟದ ಈ ಕಡೆ ಬನ್ನಿ ಸಾರ್. ಫ್ರಾನ್ಸ್‌ನಲ್ಲಿ ಯಾವ ದೇಶದವರಾದರೂ ಕೊಳ್ಳಬಹುದು. ಮೊದಲ ಕರಾರಿಗೆ ಸಹಿ ಹಾಕಿದ ಮೇಲೂ ಬೇಡ ಅನ್ನಲು 10 ದಿನ ಕೊಡುತ್ತಾರೆ. ಹಳೇ ಮನೆಗೆ ನೋಟರಿ ಖರ್ಚು ಮಾತ್ರ ಶೇ. 7-8. ಆದರೆ ತಗ್ಗಿನ ಊರು ಬೇಡ. ಹಿಮ ಬೀಳದೆ ಸ್ಕೀ ಲಿಫ್ಟ್ ನಿಂತ ಊರಿನಲ್ಲಿ ಮನೆ ಇದ್ದರೆ ನೆಂಟರೂ ಬರುವುದಿಲ್ಲ.

ಹಂಚಿನಮನೆ, ಬಾಡೆನ್

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಮಧ್ಯೆ ಹೋಗಿ ನೋಡಿಕೊಂಡು ಬಂದೆವು.

ಅಗ್ಗದ ಫ್ಲ್ಯಾಟ್ ರೊಟ್ಟಿಯವರು ಹೇಳಿದ ಹಾಗೇ, ವರ್ಷಪೂರ್ತಿ ವಾಸದವರಿಗೆ ಮಾತ್ರ. ಏಜೆಂಟರನ್ನು ಕೇಳಿದರೆ "ಹೌದು, ಹೇಳುವವನಿದ್ದೆ" ಎಂದರು. ಯಾವಾಗ ಹೇಳುವವರಿದ್ದರೋ!

ಶಾಲೆಗೆ ನವೆಂಬರ್‌ನ ಒಂದು ಶನಿವಾರ ಹೋದೆವು. ಇಷ್ಟು ವರ್ಷ ಫೆಬ್ರವರಿಯಲ್ಲೇ ಹೋಗಿದ್ದೆವು, ಅಂಗಡಿ ತುಂಬ ಜನ. ಈಗ ಬೇಕರಿ ಮುಚ್ಚಿದೆ, ಬಸ್ಸಿನಲ್ಲಿ ನಾವು ನಾಲ್ಕೇ ಜನ. ಮಧ್ಯಾಹ್ನ ಎರಡೂಕಾಲಿಗೇ ಸೂರ್ಯ ಬೆಟ್ಟದ ಹಿಂದೆ ಹೋದ. ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ, ದೀಪ ಆರಿಸಿದ ಹಾಗಾಯಿತು. ಜಾಹೀರಾತಿನ ಫೋಟೋ ಎಲ್ಲಾ ಬೆಳಗಿನದು ಅಂತ ಆಗ ಹೊಳೆಯಿತು. ಪಕ್ಕದಲ್ಲೇ ಹಳೇ ಕಾಳಿನ ಕಣಜ ಒಂದಿದೆ, ಮರದ ಕಂಬದ ಮೇಲೆ ಗಂಗಾಳದಷ್ಟು ಕಲ್ಲಿನ ಬಿಲ್ಲೆ, ಅದರ ಮೇಲೆ ಕಣಜ. ಇಲಿ ಹತ್ತದಿರಲಿ ಎಂದು. ಮಕ್ಕಳು ಒಂದು ಗಂಟೆ ಅದರಡಿಯಲ್ಲೇ ಇದ್ದರು.

ಬಿಲ್ ತರಿಸಿ ನೋಡಿದೆ. ಖಾಲಿ ಇದ್ದ ತಿಂಗಳುಗಳದ್ದೂ ಸೇರಿ ನಾನು ಅಂದುಕೊಂಡಿದ್ದಕ್ಕಿಂತ ದುಪ್ಪಟ್ಟು. ಹೀಟರ್ ಬದಲಿಸಬೇಕಾಗುತ್ತದೆ, ಬೆಲೆ ಇಳಿಸಿ ಎಂದಿದ್ದೇವೆ. 2025ರ ಸೆಪ್ಟೆಂಬರ್ ಓಟಿನಲ್ಲಿ ಸ್ವಂತ ಮನೆಯ ಕಾಲ್ಪನಿಕ ಬಾಡಿಗೆ ತೆರಿಗೆ (ನಮ್ಮ ಮನೆಯಿಂದಲೇ ನಮಗೆ ಬಾಡಿಗೆ ಬಂದ ಹಾಗೆ ಲೆಕ್ಕ ಹಾಕಿ ವಸೂಲು ಮಾಡುವ ತೆರಿಗೆ) ರದ್ದಾಯಿತಲ್ಲ, ಅದು ಜಾರಿಗೆ ಬಂದ ಮೇಲೆ ರಿಪೇರಿ ಖರ್ಚನ್ನು ತೆರಿಗೆಯಲ್ಲಿ ಕಳೆಯಲು ಬಹುತೇಕ ಆಗುವುದಿಲ್ಲ. ಮಾಡಿಸುವುದಾದರೆ ಅದಕ್ಕೆ ಮುಂಚೆ. ಎಲ್ಲರೂ ಹೀಗೇ ಯೋಚಿಸಿ ಪ್ಲಂಬರ್‌ಗಳು ಈಗಲೇ ಸಿಗುತ್ತಿಲ್ಲವಂತೆ. ಹಂಚು ಕೈಯಾಡಿಸುವವರ ಕಥೆಯೇ.

ಫೆಬ್ರವರಿ ರಜೆಗೆ ಅದೇ ಮನೆಯನ್ನು ಒಂದು ವಾರ ಬಾಡಿಗೆಗೆ ಕೇಳಿದ್ದೇವೆ, ಮಾಲೀಕರು ಒಪ್ಪಿದ್ದಾರೆ. ಹೊರಡುವಾಗ ಪಕ್ಕದ ಮನೆ ಅಜ್ಜ ಕರೆದು, ಮೆಟ್ಟಿಲ ಕೆಳಗೆ ಸೌದೆ ಸರಿಸಿ, ಕೆಂಪು ಬಣ್ಣದ ವಾಲ್ವ್ ತೋರಿಸಿದರು. ಯಾವ ಕಡೆ ತಿರುಗಿಸಬೇಕು ಎಂದು ಎರಡು ಸಲ ತಿರುಗಿಸಿ ತೋರಿಸಿದರು. ಹೆಂಡತಿ ಬೆಟ್ಟದ ಒಂದು ಫೋಟೋನೂ ತೆಗೆದಿರಲಿಲ್ಲ. ಆ ವಾಲ್ವಿನದು ಮೂರು ತೆಗೆದಳು. ನಾನು ಏನೂ ಕೇಳಲಿಲ್ಲ, ಸುಮ್ನೆ ಇದ್ದೆ.

ರೊಟ್ಟಿಯವರೇ, ನಿಮ್ಮ ಪ್ಲಂಬರ್ ಈ ಕಣಿವೆಗೂ ಬರುತ್ತಾರಾ?