‘ಸೆಲ್ಫ್-ರಿಲಯನ್ಸ್’: ಸ್ವಾವಲಂಬನೆಯೋ, ನೆಚ್ಚಿಕೆಯೋ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಚಿಂತಕ ಎಮರ್ಸನ್ನನ ‘ಸೆಲ್ಫ್-ರಿಲಯನ್ಸ್’ ಪ್ರಬಂಧವನ್ನು ಕನ್ನಡಕ್ಕೆ ತರಲು ಕೂತಿದ್ದೇನೆ. 1841ರಲ್ಲಿ ಅಚ್ಚಾದದ್ದು. ತಲೆಬರಹದಲ್ಲೇ ಗಾಡಿ ಹೂತುಕೊಂಡಿದೆ.

ಕೈ ತಾನಾಗಿಯೇ ‘ಸ್ವಾವಲಂಬನೆ’ ಅಂತ ಬರೆದುಬಿಡುತ್ತದೆ. ಆದರೆ ಆ ಪದ ಕೇಳಿದರೆ ನಮಗೆ ನೆನಪಾಗುವುದು ಹೊಲಿಗೆ ಯಂತ್ರ, ಸ್ವಸಹಾಯ ಸಂಘ, ಸಾಲದ ಯೋಜನೆ. ಸ್ವಂತ ಕಾಲ ಮೇಲೆ ನಿಂತು ದುಡಿದು ತಿನ್ನುವುದು. ಒಳ್ಳೆಯದೇ. ಎಮರ್ಸನ್ ಮಾತಾಡುತ್ತಿರುವುದು ಬೇರೆಯದರ ಬಗ್ಗೆ. ನಿನ್ನೊಳಗೆ ಹೊಳೆದದ್ದನ್ನು ನೀನು ನಂಬು, ಊರು ಏನಾದರೂ ಅನ್ನಲಿ. ನಿನ್ನೆ ಆಡಿದ ಮಾತಿಗೂ ಇವತ್ತಿನದಕ್ಕೂ ತಾಳೆಯಾಗದಿದ್ದರೂ ಇರಲಿ ಅನ್ನುತ್ತಾನೆ. ಅವನು ಇದಕ್ಕೆ ಎದುರು ಇಡುವುದು ಕನ್ಫರ್ಮಿಟಿಯನ್ನು, ಅಂದರೆ ಹತ್ತರಲ್ಲಿ ಹನ್ನೊಂದಾಗುವುದನ್ನು. ಸ್ವಂತ ದುಡಿಮೆಯಲ್ಲೇ ಬದುಕುತ್ತಾ, ಒಂದೇ ಒಂದು ಸ್ವಂತ ಯೋಚನೆ ಇಲ್ಲದವರು ಎಷ್ಟು ಜನ ಇಲ್ಲ! ನಮ್ಮ ಮಾತಿನಲ್ಲಿ ಅವರೆಲ್ಲ ಸ್ವಾವಲಂಬಿಗಳೇ.

‘ಆತ್ಮವಿಶ್ವಾಸ’ ಈಗ ಇಂಟರ್‌ವ್ಯೂಗೆ ಹೋಗುವವರ ಪದ ಆಗಿಹೋಗಿದೆ. ‘ತನ್ನತನ’ ನನಗೆ ತುಂಬಾ ಇಷ್ಟ. ಆದರೆ ಅದು ಇಂಡಿವಿಜುವಾಲಿಟಿಗೆ ಬೇಕು. ಇಲ್ಲೇ ಖರ್ಚು ಮಾಡಿದರೆ ಅಲ್ಲಿಗೆ ಕೈ ಖಾಲಿ.

ಕೊನೆಗೆ ಹೊಳೆದದ್ದು ‘ನೆಚ್ಚು’. ನಂಬುವುದು, ಆಸರೆಯಾಗಿ ಹಿಡಿಯುವುದು, ಎರಡೂ ಇದರಲ್ಲಿ ಇವೆ. ‘ಮಳೆ ನೆಚ್ಚಿ ಬಿತ್ತಿದ್ದೀವಿ’ ಅನ್ನುವಾಗ ಅವೆರಡನ್ನು ಬಿಡಿಸಲು ಆಗುವುದಿಲ್ಲ, ಅಲ್ವಾ? ಇಂಗ್ಲಿಷಿನ ರಿಲೈ ಕೂಡ ಹಾಗೇ. ಅವಲಂಬನೆಯ ಒಳಗೆ ಇರುವುದು ‘ಲಂಬ’, ಅಂದರೆ ಜೋತುಬೀಳುವುದು. ತನಗೆ ತಾನೇ ಹೇಗೆ ಜೋತುಬೀಳುತ್ತಾರೋ ಕಾಣೆ.

ಆದರೆ ‘ತನ್ನ ನೆಚ್ಚಿಕೆ’ ಅಂದರೆ ಅವನು ಬೇರೆ ಯಾರನ್ನೋ ನೆಚ್ಚಿದ್ದಾನೆ ಅಂತಲೂ ಓದಬಹುದು. ‘ತನ್ನ ತಾ ನೆಚ್ಚುವುದು’ ಅಂತ ಇಟ್ಟರೆ? ವಚನಗಳ ‘ತನ್ನ ತಾನರಿವುದು’ ಕಿವಿಗೆ ಬರುತ್ತದೆ. ಅದರಿಂದ ಲಾಭವೂ ಇದೆ. ಎಮರ್ಸನ್ನನ ‘ಸೆಲ್ಫ್’ ಬರೀ ‘ನಾನು ನಾನು’ ಅನ್ನುವ ಅಹಂಕಾರ ಆಗಿರಲಿಲ್ಲ. ಎಲ್ಲರೊಳಗೂ ಒಂದೇ ಚೇತನ ಇದೆ ಅಂತ ಅದೇ ಪುಸ್ತಕದ ‘ಓವರ್-ಸೋಲ್’ ಪ್ರಬಂಧದಲ್ಲಿ ಹೇಳುತ್ತಾನೆ. ಆದರೂ ಬಾಸ್ಟನ್ನಿನಲ್ಲಿ ಹುಟ್ಟಿದ, ಒಂದು ಕಾಲಕ್ಕೆ ಪಾದ್ರಿಯಾಗಿದ್ದವನ ಬಾಯಲ್ಲಿ ಶರಣರ ಧಾಟಿ ಜಾಸ್ತಿ ಆಯಿತೇನೋ ಅಂತ ಅಳುಕು.

‘ಸೊಸೈಟಿ’ ಇನ್ನೂ ಮಜವಾಗಿದೆ. ಎಮರ್ಸನ್ ಅದನ್ನು ಷೇರುದಾರರ ಕಂಪನಿಗೆ ಹೋಲಿಸುತ್ತಾನೆ: ಎಲ್ಲರ ರೊಟ್ಟಿಗೂ ಭದ್ರತೆ ಸಿಗಲಿ ಅಂತ ಎಲ್ಲರೂ ತಮ್ಮ ಸ್ವಾತಂತ್ರ್ಯ ಒಪ್ಪಿಸಿಬಿಡುವ ಕಂಪನಿ. ನಮ್ಮ ಹಳ್ಳಿಗಳಲ್ಲಿ ರೇಷನ್ ಅಕ್ಕಿ ತರಲು ಹೋಗುವುದೂ ‘ಸೊಸೈಟಿ’ಗೇ! ಆ ಪದವನ್ನೇ ಇಟ್ಟುಕೊಳ್ಳೋಣ ಅನ್ನಿಸಿತ್ತು, ಓದುವವರು ನಗುತ್ತಾರೆ ಅಂತ ಕೈಬಿಟ್ಟೆ. ‘ಸಮಾಜ’ ಅಂದರೆ ಪಾಠಪುಸ್ತಕ. ಅವನು ಸಿಡುಕುವ ಸೊಸೈಟಿಗೆ ಕನ್ನಡದಲ್ಲಿ ಸರಿಯಾದ ಮಾತು ‘ನಾಲ್ಕು ಜನ’ ಅಂತ ನನ್ನ ವಾದ. ‘ನಾಲ್ಕು ಜನ ನೋಡಿದರೆ ಏನಂತಾರೆ’ ಅನ್ನುವ ಆ ನಾಲ್ಕು ಜನ.

ಎಮರ್ಸನ್ನನ ಗೆಳೆಯ, ಲೇಖಕ ಥೋರೋ ‘ಸೊಸೈಟಿ’ ಅನ್ನುವಾಗ ಮಾತ್ರ ಇದು ನಡೆಯುವುದಿಲ್ಲ. ವಾಲ್ಡನ್ ಕೊಳದ ದಡದಲ್ಲಿ 1845ರಿಂದ 1847ರವರೆಗೆ ಇದ್ದ ಗುಡಿಸಲಲ್ಲಿ ಅವನಿಗೆ ಮೂರು ಕುರ್ಚಿ. ಒಂದು ಏಕಾಂತಕ್ಕೆ, ಎರಡು ಗೆಳೆತನಕ್ಕೆ, ಮೂರು ಸೊಸೈಟಿಗೆ. ಅಲ್ಲಿ ಅದರ ಅರ್ಥ ಜನರ ಒಡನಾಟ. ಒಂದೇ ಬಳಗದ ಇಬ್ಬರು, ಒಂದೇ ಪದ, ಕನ್ನಡದಲ್ಲಿ ಎರಡು ಬೇಕು. ಸಾಲದ್ದಕ್ಕೆ ನನಗೆ ನಾಲ್ಕು ಜನ, ಅವನ ಹತ್ತಿರ ಮೂರೇ ಕುರ್ಚಿ.

‘ನೇಚರ್’ಗೆ ‘ಪ್ರಕೃತಿ’ಯನ್ನೇ ಇಟ್ಟಿದ್ದೇನೆ. ಅದೇ ಹೆಸರಿನ 1836ರ ಪುಸ್ತಕದಲ್ಲಿ ಎಮರ್ಸನ್ ‘ನಾನಲ್ಲದ್ದೆಲ್ಲ’ ನೇಚರ್ ಅನ್ನುತ್ತಾನೆ, ತನ್ನ ಮೈಯನ್ನೂ ಸೇರಿಸಿ. ಸಾಂಖ್ಯ ದರ್ಶನದ ಪ್ರಕೃತಿಗೆ ಅಷ್ಟು ಹೊರುವ ಶಕ್ತಿ ಇದೆ. ‘ನಿಸರ್ಗ’ ಅಂದರೆ ಸುಮ್ನೆ ಭಾನುವಾರದ ಟ್ರಿಪ್ಪು. ಎಮರ್ಸನ್, ಥೋರೋ ಇಬ್ಬರೂ ಸೇರಿದ ಟ್ರಾನ್ಸೆಂಡೆಂಟಲಿಸಂ ಪಂಥಕ್ಕೆ ಕನ್ನಡದಲ್ಲಿ ಬಳಸುವ ‘ಅತೀಂದ್ರಿಯವಾದ’ ಅನ್ನುವ ಹೆಸರಿನಲ್ಲಿ ಮಾಟಮಂತ್ರದ ವಾಸನೆ ಇದೆ. ಆ ಜಗಳ ಇನ್ನೊಂದು ದಿನ ಆಡೋಣ.

ಈಗ ಬೇಕಾಗಿರುವುದು ‘ನೆಚ್ಚಿಕೆ’ಯ ಸುದ್ದಿ. ನಮ್ಮ ಮನೆಯಲ್ಲಿ ಈ ಮಾತು ಬರುವುದೇ ‘ಅವನನ್ನ ನೆಚ್ಕೊಂಡು ಕೂತ್ರೆ ಆಯ್ತು ಕತೆ’ ಅನ್ನುವಾಗ. ನೆಚ್ಚಿದವರು ಕೈಕೊಟ್ಟ ಮೇಲೆ. ಈ ಕಹಿ ತಲೆಬರಹಕ್ಕೂ ಅಂಟುತ್ತದಾ? ನಿಮ್ಮ ಕಡೆ, ಮುಖ್ಯವಾಗಿ ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ, ಇದನ್ನು ಒಳ್ಳೆಯ ಅರ್ಥದಲ್ಲಿ ಆಡುತ್ತಾರಾ? ಮನೆಯಲ್ಲಿ ಕೇಳಿದ ಒಂದು ವಾಕ್ಯವನ್ನು ಕೇಳಿದ ಹಾಗೇ ಬರೆದು ಕಳಿಸಿದರೂ ಸಾಕು.