ಕಿಲ್ ಕೊಟ್ಟರೂ ಹೋಗದ ಜಾಂಬಿ ಪ್ರೊಸೆಸ್‌ಗಳು

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಪ್ಲಿಕೇಶನ್ ಓಡುವ ಲಿನಕ್ಸ್ ವ್ಯವಸ್ಥೆಯಲ್ಲಿ ಪ್ರೊಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಕೊಟ್ಟರೆ ಹಲವು ಪ್ರೊಸೆಸ್‌ಗಳ ಹೆಸರಿನ ಪಕ್ಕದಲ್ಲಿ ‘ಡಿಫಂಕ್ಟ್’ ಎಂದು ಬರುತ್ತಿದೆ. ಬಲವಂತವಾಗಿ ನಿಲ್ಲಿಸುವ ಕಿಲ್ -9 ಕೊಟ್ಟರೂ ಅವು ಪಟ್ಟಿಯಿಂದ ಹೋಗುತ್ತಿಲ್ಲ. ಇವು ಮೆಮೊರಿ ತಿನ್ನುತ್ತಿವೆಯೇ? ರೀಬೂಟ್ ಮಾಡದೆ ಬೇರೆ ದಾರಿ ಇಲ್ಲವೇ?

ಉತ್ತರ: ರೀಬೂಟ್ ಮಾಡಲು ಅವಸರಪಡಬೇಡಿ. ನಿಮಗೆ ಕಾಣುತ್ತಿರುವುದು ಈಗಾಗಲೇ ಮುಗಿದುಹೋಗಿರುವ ಪ್ರೊಸೆಸ್‌ಗಳು, ಅಂದರೆ ಜಾಂಬಿಗಳು. ಆದ್ದರಿಂದಲೇ ಕಿಲ್ ಸಿಗ್ನಲ್‌ನಿಂದ ಅವುಗಳಿಗೆ ಏನೂ ಆಗುವುದಿಲ್ಲ. ಪ್ರೊಸೆಸ್ ಮುಗಿದ ಕೂಡಲೇ ಅದು ಬಳಸುತ್ತಿದ್ದ ಮೆಮೊರಿಯನ್ನೂ ತೆರೆದಿಟ್ಟ ಫೈಲ್‌ಗಳನ್ನೂ ಕರ್ನಲ್ (ಲಿನಕ್ಸ್‌ನ ತಿರುಳು) ಬಿಡಿಸಿಕೊಳ್ಳುತ್ತದೆ. ಆದರೆ ಅದು ಸರಿಯಾಗಿ ಮುಗಿಯಿತೋ ಎಡವಟ್ಟಾಗಿ ನಿಂತಿತೋ ಎಂಬ ಎಕ್ಸಿಟ್ ಸ್ಟೇಟಸನ್ನು, ಅದನ್ನು ಹುಟ್ಟಿಸಿದ ಪೇರೆಂಟ್ ಪ್ರೊಸೆಸ್ ‘ವೇಟ್’ ಸಿಸ್ಟಂ ಕಾಲ್ (ಕರ್ನಲ್‌ಗೆ ಮಾಡುವ ಕೋರಿಕೆ) ಮೂಲಕ ಕೇಳಿ ಪಡೆಯುವವರೆಗೆ, ಪಿಐಡಿಯ (ಪ್ರೊಸೆಸ್‌ನ ಗುರುತು ಸಂಖ್ಯೆಯ) ಸಮೇತ ಕಾಯ್ದಿಟ್ಟುಕೊಳ್ಳುತ್ತದೆ. ಪೇರೆಂಟ್ ಕೇಳದೇ ಹೋದರೆ ಆ ನಮೂದು ಹಾಗೆಯೇ ಉಳಿಯುತ್ತದೆ.

ಮೆಮೊರಿಯ ಚಿಂತೆ ಬೇಡ. ನಿಜವಾದ ಅಪಾಯವಿರುವುದು ಪಿಐಡಿಗಳ ಮಿತಿಯಲ್ಲಿ. ಹಳೆಯ ಅನೇಕ ವ್ಯವಸ್ಥೆಗಳಲ್ಲಿ ಈ ಮಿತಿ 32768 ಇರುತ್ತದೆ. ಜಾಂಬಿಗಳು ಬೆಳೆಯುತ್ತಾ ಅದನ್ನು ಮುಟ್ಟಿದರೆ ಹೊಸ ಪ್ರೊಸೆಸ್ ಹುಟ್ಟಿಸುವ ‘ಫೋರ್ಕ್’ ವಿಫಲವಾಗಿ, ಸಮಸ್ಯೆ ನೋಡಲೆಂದು ಲಾಗಿನ್ ಆಗುವುದೂ ಕಷ್ಟವಾಗುತ್ತದೆ.

ಆದ್ದರಿಂದ ಪಿಎಸ್ ಪಟ್ಟಿಯ ಸ್ಟ್ಯಾಟ್ ಕಾಲಂನಲ್ಲಿ ‘ಝಡ್’ ಇರುವ ಸಾಲುಗಳನ್ನು ಹಿಡಿದು, ಅವುಗಳ ಪಿಪಿಐಡಿ (ಪೇರೆಂಟ್‌ನ ಪಿಐಡಿ) ಯಾವುದೆಂದು ನೋಡಿ. ಆ ಪೇರೆಂಟ್ ಸರ್ವಿಸನ್ನು ಮಾತ್ರ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸಾಕು. ಪೇರೆಂಟ್ ಹೋದ ಮೇಲೆ ಈ ಅನಾಥ ನಮೂದುಗಳು ವ್ಯವಸ್ಥೆಯಲ್ಲಿ ಮೊದಲು ಶುರುವಾಗುವ ಪಿಐಡಿ 1ರ ಪಾಲಿಗೆ ಬರುತ್ತವೆ, ಅದು ವೇಟ್ ಮಾಡಿ ಅವನ್ನು ತೆರವುಗೊಳಿಸುತ್ತದೆ.

ಪ್ರಶ್ನೆ: ನೋಡಿದೆ ಸರ್. ಪಿಪಿಐಡಿ 1 ಎಂದೇ ಇದೆ. ಇದು ಡಾಕರ್ ಕಂಟೇನರ್‌ನ (ಅಪ್ಲಿಕೇಶನ್ನನ್ನು ಪ್ರತ್ಯೇಕವಾಗಿ ಓಡಿಸುವ ಆವರಣದ) ಒಳಗೆ ಕೊಟ್ಟ ಕಮಾಂಡ್.

ಉತ್ತರ: ಈ ವಿವರ ಬಹಳ ಮುಖ್ಯವಾದದ್ದು. ಕಂಟೇನರ್‌ನೊಳಗೆ ಪಿಐಡಿ 1 ಆಗಿರುವುದು ಸಾಮಾನ್ಯವಾಗಿ ಲಿನಕ್ಸ್‌ನಲ್ಲಿ ಆ ಸ್ಥಾನದಲ್ಲಿರುವ ಸಿಸ್ಟಂಡಿ ಅಲ್ಲ, ಬಹುಶಃ ನಿಮ್ಮ ಅಪ್ಲಿಕೇಶನ್ನೇ. ಅನಾಥ ಪ್ರೊಸೆಸ್‌ಗಳನ್ನು ತೆರವುಗೊಳಿಸುವ ಹೊಣೆ ತನ್ನದೆಂದು ತಿಳಿದು ಅದನ್ನು ಯಾರೂ ಬರೆದಿರುವುದಿಲ್ಲ. ಡಾಕರ್ ರನ್ ಕಮಾಂಡಿಗೆ ‘ಇನಿಟ್’ ಆಯ್ಕೆ ಸೇರಿಸಿ ಕಂಟೇನರನ್ನು ಹೊಸದಾಗಿ ಶುರು ಮಾಡಿ; ಆಗ ಟಿನಿ ಎಂಬ ಪುಟ್ಟ ಪ್ರೋಗ್ರಾಂ ಪಿಐಡಿ 1 ಆಗಿ ನಿಂತು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಹಾಗೆ ಮಾಡಿದ ಮೇಲೂ ಜಾಂಬಿಗಳು ಬಂದು, ಅವುಗಳ ಪಿಪಿಐಡಿ ನಿಮ್ಮ ಅಪ್ಲಿಕೇಶನ್ನಿನದ್ದೇ ಆಗಿದ್ದರೆ, ಅವು ಅಪ್ಲಿಕೇಶನ್ ನೇರವಾಗಿ ಹುಟ್ಟಿಸಿದ ಚೈಲ್ಡ್‌ಗಳು. ಅವನ್ನು ಟಿನಿ ಮುಟ್ಟಲಾರದು, ಕೋಡ್‌ನಲ್ಲೇ ವೇಟ್ ಸೇರಿಸಬೇಕಾಗುತ್ತದೆ.